ಕಂಡರಾಗದ ಮಗುವಿಗೆ ಬೆಳಗಿನ ಅರ್ಧ ಗಂಟೆ

ಹುಣಸೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಫಜರ್ ನಮಾಜು ಮುಗಿಸಿದ ಗಯಾಸುದ್ದೀನ್ ಮೇಷ್ಟ್ರು ಪೇಟ ಸರಿಮಾಡಿಕೊಳ್ಳುತ್ತಾ ಟ್ರೈನಿಂಗ್ ಶಾಲೆಯ ಹಜಾರಕ್ಕೆ ಬರುತ್ತಾರೆ. ಮುಂದೆ ಹಳ್ಳಿಗಳಲ್ಲಿ ಮೇಷ್ಟ್ರಾಗಿ ಪಾಠ ಹೇಳಲಿರುವವರೆಲ್ಲ ಚಾಪೆಯ ಮೇಲೆ ಕಣ್ಣುಮುಚ್ಚಿ ಕೂತಿದ್ದಾರೆ. ಮಂತ್ರವಿಲ್ಲ, ದುವಾ ಇಲ್ಲ. ತನಗೆ ಕಂಡರಾಗದ ಒಂದು ಮಗುವನ್ನು ಮನಸ್ಸಿನಲ್ಲೇ ಎದುರು ಕೂರಿಸಿಕೊಂಡು ಅದಕ್ಕೆ ಒಳ್ಳೆಯದನ್ನು ಹಾರೈಸಬೇಕು, ಅಷ್ಟೇ. ಮೇಷ್ಟ್ರೂ ಅವರ ಜೊತೆ ಕಣ್ಣುಮುಚ್ಚಿ ಕೂರುತ್ತಾರೆ.

"ಮುದ್ದಾದ ಮಗೂನ ಯಾರು ಬೇಕಾದ್ರೂ ಪ್ರೀತಿಸ್ತಾರೆ ಕಣ್ರೀ. ಅದಕ್ಕೆ ಟ್ರೈನಿಂಗ್ ಯಾಕೆ?" ಅನ್ನುತ್ತಾರೆ ಮೇಷ್ಟ್ರು.

ಅಪ್ಪನ ಮರಮುಟ್ಟಿನ ಅಂಗಡಿಯಲ್ಲಿ ಕೂತಿದ್ದರೆ ಹಾಯಾಗಿರುತ್ತಿದ್ದರು. ಸೀಮೆಸುಣ್ಣ ಹಿಡಿದರು. ಮಠ ಕಟ್ಟುತ್ತೀರೋ ದರ್ಗಾ ಕಟ್ಟುತ್ತೀರೋ ಎಂದು ಎರಡೂ ಕಡೆಯವರು ಕುಟುಕಿದ್ದಾರೆ. ಈಗ ಮೈಸೂರಿನಿಂದ ಬಂದಿರುವ ಇನ್‌ಸ್ಪೆಕ್ಟರ್ ಸಾಹೇಬರು, ಈ ಅರ್ಧ ಗಂಟೆ ದಂಡ, ಇದರ ಬದಲು ಕವಾಯತು ಮಾಡಿಸಿ ಅನ್ನುತ್ತಿದ್ದಾರೆ. ಇವತ್ತಿನ ಪರೀಕ್ಷಾ ಪಾಠ ನೋಡಿ ತೀರ್ಮಾನ.

ಮಕ್ಕಳೆದುರು ಪಾಠ ಹೇಳುವ ಸರದಿ ಟ್ರೈನಿಂಗಿಗೆ ಬಂದಿರುವ ಪಿರಿಯಾಪಟ್ಟಣ ಕಡೆಯ ಸಣ್ಣಬೀರಯ್ಯನದು. ಮೂಗಿನ ತುದಿಯಲ್ಲೇ ಕೋಪ ಇರುವ ಆಸಾಮಿ!

"ಕಾವೇರಿ ಎಲ್ಲಿ ಹುಟ್ತಾಳೆ?"

"ನಮ್ಮತ್ತೆ ಮನೇಲಿ!" ಅನ್ನುತ್ತಾಳೆ ಮಂಗಳಗೌರಿ, ತರಗತಿಯ ತರಲೆ ಹುಡುಗಿ. ಮಕ್ಕಳೆಲ್ಲ ಗೊಳ್ಳೆಂದು ನಗುತ್ತಾರೆ.

ಸಣ್ಣಬೀರಯ್ಯನ ಕೈ ಬೆತ್ತಕ್ಕೆ ಹೋಗುತ್ತದೆ. ಅರೆ! ಹೋದ ಕೈ ಹಿಂದಕ್ಕೆ ಬರುತ್ತದೆ. ಸಾಹೇಬರ ಎದುರಿಗೇ ಆತ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಕಣ್ಣು ಮುಚ್ಚಿಬಿಡುತ್ತಾನೆ. ಮುಗಿಯಿತು ಕಥೆ ಅಂದುಕೊಳ್ಳುತ್ತಾರೆ ಗಯಾಸುದ್ದೀನ್ ಮೇಷ್ಟ್ರು.

"ಏನ್ರೀ ಇದು, ನಿದ್ದೆನಾ?" ಸಾಹೇಬರು ಗುಡುಗುತ್ತಾರೆ.

ಮಂಗಳಗೌರಿ ತುಟಿಯ ಮೇಲೆ ಬೆರಳಿಡುತ್ತಾಳೆ. "ಸುಮ್ಕಿರಿ ಸ್ವಾಮಿ. ಮೇಷ್ಟ್ರು ನನ್ನ ನೆನಸ್ಕತಾವ್ರೆ. ಈಗ ಎದ್ದೇಳ್ತಾರೆ."

ಹೌದು, ಎದ್ದೇಳುತ್ತಾನೆ. ಮುಖದಲ್ಲಿ ಸಿಟ್ಟಿನ ಸುಳಿವೇ ಇಲ್ಲ. "ನಿಮ್ಮತ್ತೆ ಊರು ಯಾವ್ದವ್ವಾ?"

"ಭಾಗಮಂಡಲದ ತಾವ. ಮೇಲಕ್ಕತ್ತುದ್ರೆ ತಲಕಾವೇರಿ ಕಣ್ ಸಾ!"

"ಅಂಗಾದ್ರೆ ಸರ್ಯಾಗೇ ಹೇಳಿದ್ದೀಯ ಬುಡು! ನಡೀರ್ಲಾ, ಅತ್ತೆ ಮನೆಯಿಂದ್ಲೇ ಹೊಳೆ ಜೊತೇಲಿ ಹೊರಡಾನ!"

ಮಕ್ಕಳು ಹೋ ಎಂದು ಎದ್ದು ನಿಲ್ಲುತ್ತಾರೆ. ಬೋರ್ಡಿನ ಮೇಲೆ ಕಾವೇರಿ ಕೊಡಗು ದಾಟುತ್ತಾಳೆ, ಕೃಷ್ಣರಾಜನಗರದ ಗದ್ದೆಗಳಿಗೆ ನೀರುಣಿಸುತ್ತಾಳೆ. ಗಯಾಸುದ್ದೀನ್ ಮೇಷ್ಟ್ರಿಗೆ ಖುಷಿಯಲ್ಲಿ ಕಣ್ಣು ಮಂಜಾಗುತ್ತದೆ.

ಪಾಠ ಮುಗಿದ ಮೇಲೆ ಸಾಹೇಬರು ಮೇಷ್ಟ್ರ ಹತ್ತಿರ ಬಂದು ಕೇಳುತ್ತಾರೆ: "ಬೆಳಿಗ್ಗೆ ನೀವೂ ಕೂತಿದ್ರಲ್ಲ, ಯಾರನ್ನ ನೆನೆಸ್ಕೊಂಡ್ರಿ?"

ಮೇಷ್ಟ್ರು ತಲೆ ತಗ್ಗಿಸುತ್ತಾರೆ. "ತಮ್ಮನ್ನೇ, ಹುಜೂರ್."

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. "ಆಯ್ತು, ನಿಮ್ಮ ಅರ್ಧ ಗಂಟೆ ನಿಮಗೇ ಇರಲಿ."

"ಹಾಗಾದ್ರೆ ನಾಳೆಗೆ ಬೇರೆ ಯಾರನ್ನಾದ್ರೂ ಹುಡುಕ್ಕೋಬೇಕು," ಅನ್ನುತ್ತಾರೆ ಮೇಷ್ಟ್ರು.