ನರ್ಸಮ್ಮನ ಸ್ಲೈಡು, ನನ್ನ ತಿದ್ದುಪಡಿ

ನನಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಹುಣಸೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಡ್ರಾಯಿಂಗ್ ಮೇಷ್ಟ್ರು ಅಂದರೆ ಸ್ಕೂಲಿನಲ್ಲಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವ ಪ್ರಾಣಿ. ಪರೀಕ್ಷೆ ಹತ್ತಿರ ಬಂದರೆ ಗಣಿತದ ಮೇಷ್ಟ್ರು ಒಂದು ಮಾತೂ ಕೇಳದೆ ನನ್ನ ಪೀರಿಯಡ್ಡಿಗೆ ಬಂದು ನಿಂತುಬಿಡುತ್ತಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ. ಹಾಗಿದ್ದವನಿಗೆ ಎಪ್ಪತ್ತರ ದಶಕದ ಶುರುವಿನಲ್ಲಿ ಒಂದು ದಿನ ಸರ್ಕಾರದ ಕಾಗದ ಬಂತು. ಹಳ್ಳಿಗಳಲ್ಲಿ ಸ್ಲೈಡು ತೋರಿಸಿ ತಿಳಿವಳಿಕೆ ಹೇಳುವ ಮೇಷ್ಟ್ರುಗಳಿಗೆ, ನರ್ಸುಗಳಿಗೆ ನಾನು ಚಿತ್ರದ ತರಬೇತಿ ಕೊಡಬೇಕಂತೆ. ನನಗೆ ಅವತ್ತೇ ಕೊಂಬು ಬಂತು.

ಸ್ಲೈಡು ಅಂದರೆ ಅಂಗೈಯಗಲದ ಗಾಜು. ಊರಿನ ಫೋಟೋ ಸ್ಟುಡಿಯೋದವರು ಬಿಸಾಡುತ್ತಿದ್ದ ಹಳೇ ನೆಗೆಟಿವ್ ಗಾಜುಗಳನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಉಜ್ಜಿ, ಅದರ ಮೇಲಿದ್ದ ಯಾರ್ಯಾರದೋ ಮದುವೆಯ ಮುಖಗಳನ್ನು ತೊಳೆದುಹಾಕುತ್ತಿದ್ದೆವು. ಆಮೇಲೆ ಬಣ್ಣದ ಇಂಕಿನಲ್ಲಿ ಚಿತ್ರ ಬರೆದು, ಮೇಲೊಂದು ಗಾಜು ಮುಚ್ಚಿ, ಅಂಚಿಗೆ ಕಪ್ಪು ಕಾಗದದ ಪಟ್ಟಿ ಅಂಟಿಸಿದರೆ ಕೆಲಸ ಮುಗಿಯಿತು. ಜೀಪಿನ ಬ್ಯಾಟರಿಯಿಂದ ಉರಿಯುವ ಒಂದು ಪ್ರೊಜೆಕ್ಟರ್ ಇತ್ತು. ಗಾಜನ್ನು ಅದರೊಳಗೆ ತಲೆಕೆಳಗಾಗಿ ಇಟ್ಟರೆ ಗೋಡೆಯ ಮೇಲೆ ಚಿತ್ರ ನೆಟ್ಟಗೆ ಬೀಳುತ್ತಿತ್ತು.

ಪ್ರತಿ ಶನಿವಾರ ಮಧ್ಯಾಹ್ನ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ಕಡೆಯವರು ಬರುತ್ತಿದ್ದರು. ಹಳ್ಳಿಗೆ ಹೊರಡುವ ಮೊದಲು ಪ್ರತಿಯೊಬ್ಬರೂ ತಮ್ಮ ಸ್ಲೈಡುಗಳನ್ನು ಉಳಿದವರ ಮುಂದೆ ತೋರಿಸಬೇಕು, ನಾನು ಹುಳುಕು ಹೇಳಬೇಕು. ಕೆ.ಆರ್. ನಗರದ ಕಡೆಯ ಒಬ್ಬರು ಭತ್ತದ ಪೈರಿನ ಪಕ್ಕದಲ್ಲಿ ಇಪ್ಪತ್ತು ಸಾಲು ಬರೆದು ತಂದಿದ್ದರು. "ಇದು ಚಿತ್ರಾನಾ ಸಾರ್, ಪಂಚಾಂಗಾನಾ?" ಅಂದೆ. ಕಂಪಲಾಪುರದ ಮೇಷ್ಟ್ರೊಬ್ಬರು ಒಂದೇ ಗಾಜಿನಲ್ಲಿ ಹೊಗೆಸೊಪ್ಪಿನ ಗಿಡ, ಹುಳ, ಔಷಧಿಯ ಡಬ್ಬ, ಎತ್ತು, ಹೊಲದ ಯಜಮಾನ, ಎಲ್ಲರನ್ನೂ ಸಂತೆಯ ಬಸ್ಸಿನ ಹಾಗೆ ತುರುಕಿದ್ದರು. "ಇದರಲ್ಲಿ ಯಾರನ್ನ ಮೊದಲು ಇಳಿಸ್ತೀರಿ ಹೇಳಿ" ಅಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು. ಒಂದು ಗಾಜಿಗೆ ಒಂದೇ ಮಾತು, ಅಕ್ಷರ ಕಮ್ಮಿ ಇರಲಿ, ಕೊನೇ ಬೆಂಚಿನವನಿಗೂ ಕಾಣಲಿ ಅಂತ ಹೇಳುತ್ತಿದ್ದೆ. ಅದರಲ್ಲೇನೂ ತಪ್ಪಿರಲಿಲ್ಲ, ಇವತ್ತೂ ಅದನ್ನೇ ಹೇಳುತ್ತೇನೆ. ಆದರೆ ನನ್ನ ಮಾತಿಗೆ ನಗುವವರು, ತಲೆ ಆಡಿಸುವವರು ಜಾಸ್ತಿಯಾದ ಹಾಗೆ ನನಗೆ ಇನ್ನೊಬ್ಬರ ಮಾತು ಕೇಳಿಸುವುದು ಕಮ್ಮಿಯಾಯಿತು.

ಒಂದು ಶನಿವಾರ ಎಚ್.ಡಿ. ಕೋಟೆಯ ಕಡೆಯಿಂದ ಒಬ್ಬ ನರ್ಸಮ್ಮ ಬಂದರು. ಕೇರಳದವರು. ಕನ್ನಡ ಚೆನ್ನಾಗಿಯೇ ಬರುತ್ತಿತ್ತು, ಮಲಯಾಳದ ರಾಗ ಮಾತ್ರ ಬಿಟ್ಟಿರಲಿಲ್ಲ. ಟವೆಲ್ಲಿನಲ್ಲಿ ಸುತ್ತಿ ನಾಲ್ಕು ಗಾಜು ತಂದಿದ್ದರು. ಕಾಡಿನಂಚಿನ ಒಂದು ಹಾಡಿಯಲ್ಲಿ, ಅಂದರೆ ಹತ್ತಿಪ್ಪತ್ತು ಗುಡಿಸಲಿನ ಒಂದು ಕೇರಿಯಲ್ಲಿ, ಹುಟ್ಟಿದ ಕೂಸುಗಳು ಎಂಟು ಹತ್ತು ದಿನದೊಳಗೆ ಸೆಟೆದುಕೊಂಡು ಸಾಯುತ್ತಿದ್ದವು. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಲ್ಲಿ ಕೊಯ್ಯುವುದರಿಂದ ಬರುವ ಧನುರ್ವಾಯು ಅದು.

"ಅಲ್ಲಿ ಒಬ್ಬಳಿದ್ದಾಳೆ ಸಾರ್" ಅಂದರು ನರ್ಸಮ್ಮ. "ಎರಡು ಮಗು ಹೋಯ್ತು. ಈಗ ಮೂರನೇದು, ಏಳು ತಿಂಗಳು. ಹೆರಿಗೆ ಮಾಡಿಸೋದು ಅವಳ ಅಮ್ಮನೇ. ಬಾಯಲ್ಲಿ ಹೇಳಿದ್ರೆ ನಿನ್ನ ಕೈಯೇ ಮಗೂನ ಕೊಂದಿತು ಅಂದ ಹಾಗೆ ಆಗುತ್ತೆ, ಆ ಅಮ್ಮ ಎದ್ದು ಹೋಗ್ತಾರೆ. ಚಿತ್ರ ಆದ್ರೆ ನೋಡ್ತಾರೆ. ಈ ಮಗು ಒಂದು ಉಳಿದ್ರೆ ಸಾಕು ಸಾರ್, ಮಿಕ್ಕವರೆಲ್ಲ ತಾವೇ ಕೇಳ್ತಾರೆ."

ಅವರ ಮೊದಲನೇ ಗಾಜಿನಲ್ಲಿ ಮೂರು ಕಲ್ಲಿನ ಒಲೆ, ಮೇಲೆ ಮಡಕೆ, ಕುದಿಯುವ ನೀರು, ಅದರೊಳಗೆ ಒಂದು ಬ್ಲೇಡು, ಒಂದು ದಾರ. ಎರಡನೆಯದರಲ್ಲಿ ಸೋಪು ಹಚ್ಚಿ ತೊಳೆಯುವ ಕೈ. ಮೂರನೆಯದು ಬಳ್ಳಿ ಕತ್ತರಿಸಿ ಕಟ್ಟುವುದು. ನಾಲ್ಕನೆಯದರಲ್ಲಿ ಹಳೇ ಹೂವಿನ ಸೀರೆಯ ತುಂಡಿನಲ್ಲಿ ಸುತ್ತಿದ ಮಗು, ತಾಯಿಯ ಮಡಿಲಲ್ಲಿ, ಕಣ್ಣು ಪಿಳಿಪಿಳಿ ಬಿಟ್ಟುಕೊಂಡು. ಎರಡನೇ ಕ್ಲಾಸಿನ ಮಕ್ಕಳು ಬರೆದ ಹಾಗಿತ್ತು. ಸೀರೆಯ ಹೂವುಗಳು ಗೋಡೆಯ ಮೇಲೆ ಕೊಳೆ ಮೆತ್ತಿದ ಹಾಗೆ ಕಂಡವು.

"ಬ್ಲೇಡು ತೋರಿಸಿ ಶುರು ಮಾಡ್ತೀರಲ್ಲಮ್ಮ, ಇದೇನು ಕ್ಷೌರದಂಗಡಿ ಬೋರ್ಡಾ?" ಅಂದೆ. ಎಲ್ಲರೂ ನಕ್ಕರು. ನರ್ಸಮ್ಮ ನಗಲಿಲ್ಲ. ನಾನೇ ಮುಂದುವರಿಸಿದೆ: "ಮೊದಲು ಮಗು ಬರಲಿ. ನೋಡಿದ ಕೂಡಲೇ ಮನಸ್ಸು ಅರಳಬೇಕು. ಬ್ಲೇಡು, ನೀರು ಎಲ್ಲ ಅದರ ಹಿಂದೆ. ಈ ಚಿಂದಿ ಬಟ್ಟೆ ತೆಗೀರಿ, ಶುಭ್ರವಾಗಿ ಬಿಳೀದು ಹಾಕಿ. ಬೇಡ, ಕೊಡಿ ಇಲ್ಲಿ, ನಾನೇ ಬರೀತೀನಿ."

ಆ ಭಾನುವಾರ ಪೂರ್ತಿ ಕೂತು ಬರೆದೆ. ಅಂಗಾತ ನೆಟ್ಟಗೆ ಮಲಗಿದ ಮಗು, ನಿದ್ದೆಯಲ್ಲಿ ಮುಚ್ಚಿದ ಕಣ್ಣು, ಕೆಳಗೆ ಮಡಚಿದ ಗೆರೆ ಕೂಡ ಮಾಸದ ಹೊಸ ಬಿಳಿ ಬಟ್ಟೆ. ಎಡಗಡೆಯ ಮೇಲಿನ ಮೂಲೆ ಖಾಲಿ ಹೊಡೆಯುತ್ತಿತ್ತು. ಅಲ್ಲಿ, ಮಗುವಿನ ತಲೆಯ ಹತ್ತಿರ, ಒಂದು ಎಣ್ಣೆ ದೀಪ ಇಟ್ಟೆ. ಅದರ ಹಳದಿ ಬೆಳಕು ಬಿಳಿ ಬಟ್ಟೆಯ ಮೇಲೆ ಬಿದ್ದಿದ್ದು ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ನಾನೇ ನಾಲ್ಕು ಸಲ ಕಿಟಕಿಗೆ ಹಿಡಿದು ನೋಡಿದೆ. ಮುಂದಿನ ಶನಿವಾರ ಅದನ್ನು ಗೋಡೆಯ ಮೇಲೆ ಬಿಟ್ಟಾಗ ಮೇಷ್ಟ್ರುಗಳೆಲ್ಲ ಭೇಷ್ ಅಂದರು.

ನರ್ಸಮ್ಮ ಸ್ವಲ್ಪ ಹೊತ್ತು ನೋಡಿ, "ಅಲ್ಲಿ ಕೂಸಿಗೆ ಹಳೇ ಸೀರೆ ತಾನೇ ಸಾರ್ ಹಾಸೋದು?" ಅಂದರು.

"ಅಲ್ಲಿ ಹೇಗಿದೆಯೋ ಹಾಗೇ ತೋರಿಸೋದಾದ್ರೆ ನಾವ್ಯಾಕಮ್ಮ ಹೋಗಬೇಕು?" ಅಂದೆ. ಅವರು ಮಿಕ್ಕ ಗಾಜುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡರು. ಎದುರಿಗೆ ಇಪ್ಪತ್ತು ಜನ ಗಂಡಸರು ಕೂತಿದ್ದರು, ಅವರೆಲ್ಲ ನನ್ನ ಕಡೆಗಿದ್ದರು.

ಹಾಡಿಗೆ ನಾನೂ ಹೋದೆ. ಯಾರೂ ಕರೆದಿರಲಿಲ್ಲ. ನನ್ನ ಚಿತ್ರ ನೋಡಿ ಜನ ಏನಂತಾರೆ ಎಂದು ನೋಡುವ ಚಪಲ ಅಷ್ಟೇ. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆ ದಾಟಿ ಜೀಪು ಮಣ್ಣುರಸ್ತೆಗೆ ಇಳಿದು, ಒಂದು ಗಂಟೆಯ ಮೇಲೆ ಅಲ್ಲಿಯ ಒಂದೇ ಕೋಣೆಯ ಸ್ಕೂಲು ಸಿಕ್ಕಿತು. ಮಧ್ಯಾಹ್ನದ ಬೆಳಕು ಬರದ ಹಾಗೆ ಕಿಟಕಿಗಳಿಗೆ ಕಂಬಳಿ ಕಟ್ಟಿದೆವು. ಹೆಂಗಸರು ಬಂದು ನೆಲದ ಮೇಲೆ ಕೂತರು. ಮುಂದಿನ ಸಾಲಿನಲ್ಲೇ ಆ ಬಸುರಿ ಹೆಂಗಸು, ಪಕ್ಕದಲ್ಲಿ ಅವಳ ತಾಯಿ. ಅವಳಿಗೆ ಇಪ್ಪತ್ತೆರಡು ಇಪ್ಪತ್ತಮೂರು ಇದ್ದೀತು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಖುಷಿಯಾಗಿ ಗೋಡೆ ನೋಡುತ್ತಿದ್ದಳು. ನರ್ಸಮ್ಮ ನನ್ನ ಕಿವಿಯಲ್ಲಿ, "ಅವಳೇ ಸಾರ್" ಅಂದರು.

ಮೊದಲನೇ ಸ್ಲೈಡು ಬಿತ್ತು. ಕೋಣೆ ಪೂರ್ತಿ ಸದ್ದಡಗಿತು. ನಾನು ಅದನ್ನು ಮೆಚ್ಚುಗೆ ಅಂದುಕೊಂಡೆ. ಅಷ್ಟರಲ್ಲಿ ಆ ತಾಯಿ ತನ್ನ ಸೆರಗಿನಿಂದ ಮಗಳ ಕಣ್ಣು ಮುಚ್ಚಿ, "ಏಳವ್ವ, ಏಳು" ಅಂತ ರಟ್ಟೆ ಹಿಡಿದು ಎಬ್ಬಿಸಿದಳು. ಅವರ ಹಿಂದೆ ಇನ್ನೊಬ್ಬಳು ಎದ್ದಳು, ಆಮೇಲೆ ಎಲ್ಲರೂ. ಬಾಗಿಲಲ್ಲಿ ನಿಂತಿದ್ದ ಒಬ್ಬ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ:

"ಬಸುರಿ ಎಂಗ್ಸಿನ ಮುಂದೆ ಸತ್ತ ಮಗೀನ ತೋರುಸ್ತೀರಲ್ಲ ಸಾಮಿ, ಇದ್ಯಾವ ನ್ಯಾಯ?"

ನಾನು ತಿರುಗಿ ಗೋಡೆ ನೋಡಿದೆ. ಹೊಸ ಬಿಳಿ ಬಟ್ಟೆ, ಅಂಗಾತ ನೆಟ್ಟಗೆ ಮಲಗಿಸಿದ ಮೈ, ಮುಚ್ಚಿದ ಕಣ್ಣು, ತಲೆದೆಸೆಯಲ್ಲಿ ದೀಪ. ಇದಕ್ಕೆ ಕಾಡಿನ ಹಾಡಿಯೇ ಬೇಕಿರಲಿಲ್ಲ. ನಮ್ಮಜ್ಜಿ ಸತ್ತಾಗ ನಮ್ಮ ಮನೆಯ ನಡುಮನೆಯಲ್ಲಿ ಹೀಗೇ ಮಲಗಿಸಿದ್ದರು, ದೀಪಕ್ಕೆ ಎಣ್ಣೆ ಹಾಕಿದವನು ನಾನೇ. ನಮ್ಮಲ್ಲೂ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತಾಗಿಸುವುದಿಲ್ಲ, ಹಳೇ ಸೀರೆಯೇ ಹಾಸುವುದು. ಎಲ್ಲ ಗೊತ್ತಿದ್ದೂ ನನಗೆ ಕಂಡಿದ್ದು ಖಾಲಿ ಮೂಲೆ ಒಂದೇ. ಹೊರಗೆ ಓಡಿದೆ. "ಅದು ಮಲಗಿರೋ ಮಗು ಕಣವ್ವ, ನಿದ್ದೆ ಮಾಡ್ತೈತೆ ಅಷ್ಟೇ, ಇನ್ನೂ ಚಿತ್ರ ಇವೆ, ಬನ್ನಿ" ಅಂತ ಅವರ ಹಿಂದೆ ಕೂಗಿಕೊಂಡು ಹೋದೆ. ಒಬ್ಬರೂ ತಿರುಗಲಿಲ್ಲ. ಗುಡಿಸಲಿನ ತಡಿಕೆ ಬಾಗಿಲು ಮುಚ್ಚಿತು. ನರ್ಸಮ್ಮ ಒಳಗೆ ಒಬ್ಬರೇ ಪ್ರೊಜೆಕ್ಟರಿನ ಪಕ್ಕ ನಿಂತಿದ್ದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಉಸಿರಾದರೂ ಆಡುತ್ತಿತ್ತು.

ಆಮೇಲಿನ ಎರಡು ತಿಂಗಳು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಅದೇ ವಾರ ನರ್ಸಮ್ಮನ ಹಳೇ ಚಿತ್ರವನ್ನೇ ಮತ್ತೆ ಬರೆದೆ, ಹೂವಿನ ಸೀರೆ, ಬಿಟ್ಟ ಕಣ್ಣು, ತಾಯಿಯ ಮಡಿಲು, ಎಲ್ಲ ಅವರು ಬರೆದಿದ್ದ ಹಾಗೇ. ಮಡಕೆಯ ಗಾಜನ್ನು ಮೊದಲಿಗೆ ತಂದೆ. ಆದರೆ ತೋರಿಸುವುದು ಯಾರಿಗೆ? ನರ್ಸಮ್ಮ ಹೋದಾಗ ಹೆಂಗಸರು ಕಾಡಿನ ದಾರಿ ಹಿಡಿದುಬಿಡುತ್ತಿದ್ದರು. ಆ ತಾಯಿ ಮಗಳು ಹಾಡಿಯನ್ನೇ ಬಿಟ್ಟಿದ್ದರು, ಎಲ್ಲಿಗೆ ಹೋದರೆಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ನಾನು ಭಾನುವಾರ ಭಾನುವಾರ ಬಸ್ಸು ಹತ್ತಿ, ಹ್ಯಾಂಡ್‌ಪೋಸ್ಟಿನಲ್ಲಿ ಇಳಿದು, ನಡೆದು ಹೋಗಿ ಆ ಮುದುಕನ ಮುಂದೆ ಕೂರುತ್ತಿದ್ದೆ. ಎಲೆಯಡಿಕೆ ಕೊಟ್ಟೆ, ಕೈ ಮುಗಿದೆ, ಕಾಲಿಗೂ ಬಿದ್ದೆ. "ತಪ್ಪು ನಂದು ಕಣಜ್ಜ, ನರ್ಸಮ್ಮಂದಲ್ಲ. ಒಂದೇ ಒಂದು ಮಾತು ಹೇಳಿ ಬತ್ತೀನಿ" ಅಂದೆ. "ಬುಡು ಸಾಮಿ, ಊರ್ ಬುಟ್ಟು ಓದೋರು ಓದ್ರು" ಅನ್ನುತ್ತಿದ್ದ. ತಿಂಗಳು ಎಣಿಸುತ್ತಾ ವಾಪಸ್ಸು ಬರುತ್ತಿದ್ದೆ.

ಕೊನೆಗೆ ಒಂದು ಭಾನುವಾರ ಅವನಿಗೇ ಕರುಳು ಚುರುಕ್ ಅಂದಿತೇನೋ, ಹೊಳೆಯಾಚೆಯ ಇನ್ನೊಂದು ಹಾಡಿಯ ದಾರಿ ತೋರಿಸಿದ. ಮಾರನೆಯ ದಿನವೇ ರಜಾ ಹಾಕಿ ನರ್ಸಮ್ಮನನ್ನು ಕರೆದುಕೊಂಡು ಹೊರಟೆ. ಜೀಪಿಲ್ಲ, ಪ್ರೊಜೆಕ್ಟರಿಲ್ಲ. ಗಾಜುಗಳನ್ನು ಬಿಸಿಲಿಗೆ ಹಿಡಿದು ತೋರಿಸಿದರಾಯಿತು ಅಂದುಕೊಂಡೆ. ದಾರಿಯುದ್ದಕ್ಕೂ ಇನ್ನೂ ಹೆರಿಗೆ ಆಗದಿರಲಿ, ಆಗದಿರಲಿ ಅಂತ ಒಂದೇ ಸಮ ಬೇಡಿಕೊಳ್ಳುತ್ತಿದ್ದೆ.

ಹೆರಿಗೆಯಾಗಿ ಏಳು ದಿನವಾಗಿತ್ತು. ಗಂಡುಮಗು. ಅವಳು ಗುಡಿಸಲಿನ ಮುಂದೆ ಅದನ್ನು ಎದೆಗೊತ್ತಿಕೊಂಡು ಕೂತಿದ್ದಳು. ನಮ್ಮನ್ನು ನೋಡಿ ಎದ್ದು ಓಡಲಿಲ್ಲ. "ಒತ್ತಾರೆಯಿಂದ ಮೊಲೆ ಇಡೀತಿಲ್ಲ ಕಣ್ರೀ" ಅಂದಳು ನರ್ಸಮ್ಮನಿಗೆ. ನರ್ಸಮ್ಮ ಮಗುವಿನ ತುಟಿಗೆ ಬೆರಳಿಟ್ಟರು. ಬಾಯಿ ತೆರೆಯಲಿಲ್ಲ. ಬಟ್ಟೆ ಸರಿಸಿ ಹೊಕ್ಕುಳು ನೋಡಿದರು. ಅವಳ ತಾಯಿ ಕೇಳದಿದ್ದರೂ ಹೇಳಿದಳು, "ಕುಡ್ಲಲ್ಲೇ ಕುಯ್ದೆ ಕಣವ್ವ. ನಮ್ಮವ್ವ ನಂಗೆ ಕಲ್ಸಿದ್ದೂ ಅಂಗೇಯ." ಗಾಜುಗಳು ನನ್ನ ಕೈಚೀಲದಲ್ಲೇ ಉಳಿದವು.

ಆಸ್ಪತ್ರೆಗೆ ಹೋಗೋಣ ಅಂದಾಗ ಅವಳು ಒಂದು ಮಾತೂ ಎದುರಾಡಲಿಲ್ಲ. ಹೊಳೆ ದಾಟಿ, ನಡೆದು, ರಸ್ತೆಯಲ್ಲಿ ಒಂದು ಲಾರಿಗೆ ಕೈ ಅಡ್ಡ ಹಾಕಿ ಹೋದೆವು. ಲಾರಿ ಹಾರನ್ ಹೊಡೆದಾಗಲೆಲ್ಲ ಮಗು ಬಿಲ್ಲಿನ ಹಾಗೆ ಬಾಗುತ್ತಿತ್ತು. ನಾನು ಡ್ರೈವರನ ತೋಳು ಹಿಡಿದು, ಹಾರನ್ ಹೊಡೀಬೇಡಪ್ಪ, ನಿನ್ನ ದಮ್ಮಯ್ಯ ಅಂತ ಬೇಡಿದೆ. ಡಾಕ್ಟರು ಕೈಲಾದ್ದೆಲ್ಲ ಮಾಡಿದರು. ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮಗು ಹೋಯಿತು.

ಆಸ್ಪತ್ರೆಯ ಜಗುಲಿಯ ಒಂದು ತುದಿಯಲ್ಲಿ ಅವಳ ತಾಯಿ ನೆಲಕ್ಕೆ ಹಣೆ ಹಚ್ಚಿ ಅಳುತ್ತಿದ್ದಳು. ನರ್ಸಮ್ಮ ಅವಳ ಬೆನ್ನು ಸವರುತ್ತಾ ಕೂತಿದ್ದರು. ಇವಳು ಈಚೆ ತುದಿಯಲ್ಲಿ ಕಂಬಕ್ಕೆ ಒರಗಿದ್ದಳು, ಅಳುತ್ತಿರಲಿಲ್ಲ. ನಾನು ಹತ್ತಿರ ಹೋಗಿ ನಿಂತೆ. ಅವಳೇ ಕೇಳಿದಳು.

"ಅವತ್ತು ನಾವು ಎದ್ ಬಂದ್ವಲ್ಲ ಮೇಷ್ಟ್ರೇ, ಅದಾದ ಮ್ಯಾಲೆ ಯಾವ ಚಿತ್ರ ಇತ್ತು?"

ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡಿ ಆಗಲಿಲ್ಲ.

"ನೀರು ಕಾಯಿಸೋ ಚಿತ್ರ ಕಣಮ್ಮ. ಬಳ್ಳಿ ಕುಯ್ಯೋ ಬ್ಲೇಡನ್ನ ಕುದಿಯೋ ನೀರಲ್ಲಿ ಹಾಕಿ ತೆಗೆಯೋದು."

"ಅಷ್ಟೇಯಾ?"

"ಅಷ್ಟೇ."

ಅವಳು ಆ ತುದಿಯಲ್ಲಿದ್ದ ತಾಯಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಹೇಳಿದಳು:

"ಬಳ್ಳಿ ಕುಯ್ಯೋವಾಗ ಒಲೆ ಮ್ಯಾಲೆ ನೀರಿತ್ತು. ಮಗೀಗೆ ಉಯ್ಯಕೆ ಅಂತ, ಕುದೀತಾನೇ ಇತ್ತು."