ಖಾಲಿ ಗಾಜಿನ ಕಿಡ್ನಿ

ಬೈರಿದೇವರಕೊಪ್ಪದ ಶಾಂತಯ್ಯ ಮೂವತ್ತೊಂದು ವರ್ಷ ಮಾಡಿದ ಕೆಲಸ ಒಂದೇ. ಹುಬ್ಬಳ್ಳಿಯ ಒಂದು ದೊಡ್ಡ ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೂತು, ರೋಗಿಯ ಮಾಂಸದ ಚೂರನ್ನು ಉಳ್ಳಾಗಡ್ಡಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿಗೆ ಅಂಟಿಸಿ, ಬಣ್ಣ ಹಾಕಿ ಡಾಕ್ಟರ ಮುಂದಿಡುವುದು. ಮನೆಯಲ್ಲಿ ಸವತೆಕಾಯಿ ದಪ್ಪಗೆ ಹೆಚ್ಚಿದರೂ ಮುಖ ಗಂಟು ಹಾಕುವ ಮನುಷ್ಯ. ರಿಪೋರ್ಟಿನಲ್ಲಿ ಅವನ ಹೆಸರಿಲ್ಲ, ಅವನು ಕೇಳಿದವನೂ ಅಲ್ಲ.

ಈ ವರ್ಷ ಆ ಲ್ಯಾಬಿಗೆ ಮಹಾಶಯರೊಬ್ಬರು ಚಿತ್ತೈಸಿದರು. ಸ್ಲೈಡಿನ ಚಿತ್ರ ತೆಗೆದು, ಕಸಿ ಮಾಡಿದ ಕಿಡ್ನಿಯನ್ನು ದೇಹ ಒಪ್ಪಿದೆಯೋ ಒಲ್ಲೆನ್ನುತ್ತಿದೆಯೋ ಎಂದು ಎರಡು ನಿಮಿಷದಲ್ಲಿ ಹೇಳುವ ಎಐ ಯಂತ್ರ. ನಿರ್ದೇಶಕ ಡಾಕ್ಟರ್ ಗುರುಬಸವ ಅದನ್ನು 'ಅವರು' ಎನ್ನುತ್ತಿದ್ದರು, ಶಾಂತಯ್ಯನನ್ನು 'ಏ'. ಯಂತ್ರದ 'ಅವರಿಗೆ' ಎಸಿ ಬಂತು. ಅಬ್ಬಾ, ಏನು ಮರ್ಯಾದೆ! ಖಂಡೇಪೂಜೆಯ ದಿನ ಆಂಬುಲೆನ್ಸು, ಕತ್ತರಿಗಳ ಜೊತೆ ಯಂತ್ರಕ್ಕೂ ಪೂಜೆಯಾಯಿತು. ಫೋಟೊದವನು "ಇನ್ನೊಮ್ಮೆ ಸರ್" ಅಂದಷ್ಟು ಸಲ ನಿರ್ದೇಶಕರು ಕೈತುಂಬ ಕುಂಕುಮ ಏರಿಸಿದರು. ಸ್ಲೈಡು ಒಳಹೋಗುವ ಬಾಯಿಯನ್ನೂ ಬಿಡಲಿಲ್ಲ. ಶಾಂತಯ್ಯ "ಒಳಗ ಬೀಳ್ತೈತ್ರಿ ಸರ್" ಅಂದದ್ದು ಗಂಟೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಮರುದಿನ ದಸರೆ. "ಅವರು ಇದ್ದಾರಲ್ಲ" ಎಂದು, ಸ್ಲೈಡು ಓದುವ ಡಾಕ್ಟರ್ ವಾಣಿಶ್ರೀಗೆ ರಜೆ ಕೊಟ್ಟಾಗಿತ್ತು. ಅಂದೇ ಅಬೀದಾಳ ಬಯಾಪ್ಸಿ ಬಂತು. ದುರ್ಗದಬೈಲಿನ ಬಳೆ ಅಂಗಡಿಯ ಹುಡುಗಿ. ಮೂರು ವಾರದ ಹಿಂದೆ ತಾಯಿ ರೆಹಾನ ಅವಳಿಗೆ ಒಂದು ಕಿಡ್ನಿ ಕೊಟ್ಟಿದ್ದಳು. ಯಂತ್ರ ಹೇಳಿತು: ದೇಹ ಒಲ್ಲೆನ್ನುತ್ತಿದೆ, ನೂರಕ್ಕೆ ತೊಂಬತ್ತೆರಡು ಖಾತ್ರಿ. ರೋಗ ತಡೆಯುವ ಶಕ್ತಿಯನ್ನೇ ನೆಲಕಚ್ಚಿಸುವ ಇಂಜೆಕ್ಷನ್ ತಯಾರಾಯಿತು. ಅದು ಮೈಗೇರಿದರೆ ಸಣ್ಣ ಜ್ವರಕ್ಕೂ ಹುಡುಗಿ ಹೋಗಿಬಿಡಬಹುದು. ವರಾಂಡದಲ್ಲಿ ರೆಹಾನ ಹಣೆ ಬಡಿದುಕೊಂಡಳು: "ಯಾ ಅಲ್ಲಾ, ಕೆಟ್ಟದ್ದ ಕೊಟ್ನೇನೋ ನನ್ನ ಮಗಳಿಗೆ!"

ಅದನ್ನು ಕೇಳಿದ ಶಾಂತಯ್ಯ ಲ್ಯಾಬಿಗೆ ಮರಳಿದ. ಅದೇ ಸ್ಲೈಡನ್ನು ಹಳೆಯ ಮೈಕ್ರೊಸ್ಕೋಪಿನಲ್ಲಿಟ್ಟು ನೋಡಿದ. ದೇಹ ಒಲ್ಲೆನ್ನುವ ಒಂದು ಗುರುತೂ ಇರಲಿಲ್ಲ. ನಿರ್ದೇಶಕರ ಬಳಿ ಓಡಿದ.

"ಸರ್, ಮಷಿನ್ ತಪ್ಪು ಹೇಳಾಕತ್ತೈತ್ರಿ."

"ಲಕ್ಷ ಸ್ಲೈಡ್ ಓದ್ಯಾರ ಅವರು. ನೀ ಓದಿದ್ದು ಡಿಪ್ಲೊಮಾ."

"ಇನ್ನೊಂದು ಸ್ಲೈಡ್ ಐತ್ರಿ. ಎರಡ ಮಿನಿಟ ಬರ್ರಿ ಸರ್, ನಿಮ್ಮ ಕಾಲಿಗೆ ಬೀಳ್ತೇನಿ."

ಬಂದರು. ಶಾಂತಯ್ಯ ಸ್ಲೈಡು ಇಟ್ಟ. ಯಂತ್ರ ಗುರುಗುಟ್ಟಿತು: ಒಲ್ಲೆನ್ನುತ್ತಿದೆ, ನೂರಕ್ಕೆ ತೊಂಬತ್ತೊಂದು.

"ನೋಡಿದೆಲ್ಲ! ಯಾರ ಕಿಡ್ನಿ ಇದು?"

"ಯಾರದೂ ಅಲ್ರೀ ಸರ್. ಖಾಲಿ ಗಾಜು."

ನಿರ್ದೇಶಕರು ಬಗ್ಗಿ ಯಂತ್ರದ ಬಾಯೊಳಗೆ ನೋಡಿದರು. ಒಳಗೆಲ್ಲ ಕೆಂಪು ಪುಡಿ, ಚಿತ್ರ ತೆಗೆಯುವ ಕಣ್ಣಿನ ಮೇಲೂ. ಗೋಡೆಯ ಮೇಲೆ ನಿನ್ನೆಯ ಫೋಟೊ: ಯಂತ್ರ, ಕುಂಕುಮದ ಕೈ, ಅಗಲ ನಗು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಸಾಹೇಬರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗುಡುಗಿದರು: "ಯಾವಾಂವ ಇದರಾಗ ಕುಂಕುಮ ಸುರುವಿದಾಂವ?"

ಸಾಹೇಬರ ಹಿಂದೆಯೇ ಬಂದಿದ್ದ ನರ್ಸುಗಳು ಫೋಟೊ ನೋಡಿದರು, ಆಮೇಲೆ ನೆಲ ನೋಡಿದರು. ದೊಡ್ಡವರು ತಪ್ಪೊಪ್ಪಿಕೊಳ್ಳಲಿ ಎಂದು ಕಾದು ಕೂತರೆ ಇಂಜೆಕ್ಷನ್ ಅಬೀದಾಳ ತೋಳು ಸೇರುತ್ತದೆ. ಬೈಯಲು ಒಬ್ಬ ಸಿಕ್ಕರೆ ಮಾತ್ರ ಅದು ನಿಲ್ಲುತ್ತದೆ. ಮೂವತ್ತೊಂದು ವರ್ಷದ ನೌಕರಿ ಶಾಂತಯ್ಯನಿಗೆ ಇಷ್ಟಾದರೂ ಕಲಿಸಿತ್ತು.

"ನಾನ ರೀ ಸರ್," ಅಂದ.

"ಹಂಗ ಹೇಳ ಮತ್ತ!" ಸಾಹೇಬರಿಗೆ ಹೋದ ಜೀವ ಬಂತು. ಇಂಜೆಕ್ಷನ್ ನಿಲ್ಲಿಸಲು ಫೋನು ಹೋಯಿತು. ವಾಣಿಶ್ರೀ ರಜೆ ಬಿಟ್ಟು ಬಂದು, ಸ್ಲೈಡು ನೋಡಿ, ಕಿಡ್ನಿ ಸರಿಯಿದೆ ಎಂದು ಬರೆದರು. ಸಂಜೆ ಪತ್ರಿಕೆಗಳಿಗೆ ಹೋದ ಪ್ರಕಟಣೆಯಲ್ಲಿ ಯಂತ್ರ ಒಂದು ಜೀವ ಉಳಿಸಿತ್ತು. ಶಾಂತಯ್ಯನಿಗೆ ಹದಿನೈದು ದಿನ ಅಮಾನತು. ಕಾರಣ: ಮೂಢನಂಬಿಕೆ.

ಚೀಲ ಹಿಡಿದು ಹೊರಟವನು ವರಾಂಡದಲ್ಲಿ ನಿಂತ. ಡಾಕ್ಟರು ಹೇಳಿಹೋದರೂ ರೆಹಾನಳ ಅಳು ನಿಂತಿರಲಿಲ್ಲ.

"ಖರೇ ಹೇಳ್ರಿ ಅಣ್ಣಾರ. ನಾ ಕೊಟ್ಟದ್ದು ಛಲೋ ಐತೇನ್ರಿ?"

ವಾಚ್‌ಮನ್ ಆಗಷ್ಟೇ ದಸರೆಯ ಬಂಗಾರವೆಂದು ಕೈಗಿತ್ತಿದ್ದ ಬನ್ನಿ ಎಲೆಯನ್ನು ಶಾಂತಯ್ಯ ಅವಳ ಅಂಗೈಯಲ್ಲಿಟ್ಟ.

"ನೀ ಮಗಳಿಗೆ ಕೊಟ್ಟದ್ದೂ ಬಂಗಾರನ, ತಂಗಿ. ನಾ ಕಣ್ಣಾರೆ ನೋಡೇನಿ."