ಕೊಟ್ಟು ತಂದ ಹೆಣ್ಣುಗಳು

ಕಳೆದ ವರ್ಷ ಮಗಳಿಗೆ ಸ್ಕೂಲಿನಲ್ಲಿ ಮಧ್ಯಯುಗದ ಒಬ್ಬ ಸಾಮಂತನ ಹೆಂಡತಿಯ ಬಗ್ಗೆ ಬರೆಯಲು ಕೊಟ್ಟಿದ್ದರು. ಎರಡು ಮನೆತನಗಳ ರಾಜಿಗಾಗಿ ಮದುವೆಯಾಗಿ ಬಂದವಳು, ತವರಿನವರು ದಂಗೆ ಎದ್ದಾಗ ಗಂಡನ ಕೋಟೆಯಲ್ಲೇ ಒತ್ತೆಯಾಳಾದವಳು. "ಪುವರ್ ಲೇಡಿ" ಅಂದಳು ಮಗಳು. ಪುವರ್ ಲೇಡಿಯಂತೆ! ಪಕ್ಕದಲ್ಲೇ ಚಪಾತಿ ಲಟ್ಟಿಸುತ್ತಿದ್ದ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಮ್ಮದೂ ಕೊಟ್ಟು ತಂದ ಸಂಬಂಧವೇ. ಒಂದೇ ಚಪ್ಪರದಲ್ಲಿ ನನ್ನನ್ನು ಇವರಿಗೆ ಕೊಟ್ಟು, ಇವರ ತಂಗಿಯನ್ನು ನನ್ನ ತಮ್ಮನಿಗೆ ತಂದುಕೊಂಡರು. ನಾವು ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ, ಅವರು ಮೆಲ್ಬರ್ನ್‌ನ ವೆರಿಬೀಯಲ್ಲಿ. ಅಲ್ಲಿ ಜಗಳವಾಯಿತೆಂದು ಗೊತ್ತಾದರೆ ಇಲ್ಲಿ ನಾನು ಮೊದಲು ಇವರ ಮುಖ ನೋಡುತ್ತಿದ್ದೆ.

ಮಗಳು ಹಾಗಂದ ಸಂಜೆಯೇ ನಾದಿನಿ ಇವರಿಗೆ ಫೋನ್ ಮಾಡಿ, ಗಂಡನನ್ನು ಬಿಟ್ಟು ಬರುತ್ತೇನೆ ಎಂದಳು. ಫೋನಿಟ್ಟವರೇ ನನ್ನ ಮೇಲೆ ಹರಿಹಾಯ್ದರು.

"ಅಪ್ಪ ಊರಲ್ಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ? ಹೋಗಿ ಅವಳಿಗೆ ಬುದ್ಧಿ ಹೇಳು. ಅವಳು ಆ ಮನೆ ಬಿಟ್ರೆ ನೀನೂ ನಿನ್ನ ತಮ್ಮನ ಹತ್ರಾನೇ ಇದ್ದುಬಿಡು. ಮಗಳನ್ನ ಮಾತ್ರ ಕಳ್ಸಲ್ಲ."

ಮಾರನೆಯ ಬೆಳಿಗ್ಗೆಗೇ ಫ್ಲೈಟ್ ಬುಕ್ ಮಾಡಿದರು.

ನಾನು ಹೋದಾಗ ತಮ್ಮ ಕೆಲಸಕ್ಕೆ ಹೋಗಿದ್ದ. ನಾದಿನಿ ಸೂಟ್‌ಕೇಸ್ ತುಂಬಿಸಿಟ್ಟು ಕಾಯುತ್ತಿದ್ದಳು. ಎಡಗೆನ್ನೆ ಊದಿತ್ತು. ನಾನು ಸೊಂಟದ ಮೇಲೆ ಹೊತ್ತು ಆಡಿಸಿದ ತಮ್ಮನ ಕೈ ಅದು.

"ಅಬ್ಬಾ, ಸದ್ಯ ಬಂದ್ರಲ್ಲ ಅತ್ತಿಗೆ! ನನ್ನ ಕರ್ಕೊಂಡು ಹೋಗೋಕೆ ತಾನೇ ಬಂದಿದ್ದು?" ಎಂದಳು.

ಹೌದು ಎನ್ನಬೇಕಿತ್ತು. ಮಗಳ ಮುಖ ಕಣ್ಣ ಮುಂದೆ ಬಂತು. "ಇನ್ನೂ ಸ್ವಲ್ಪ ದಿನ ನೋಡು ಕಣೇ, ಅವನಿಗೆ ನಾನು ಹೇಳ್ತೀನಿ" ಎಂದೆ. ನನ್ನ ದನಿ ನನಗೇ ಹೇಸಿಗೆಯಾಯಿತು.

ಅವಳು ವಾದಿಸಲಿಲ್ಲ.

"ನಿಮ್ಮನ್ನ ಹೊರಗೆ ಹಾಕ್ತೀನಿ ಅಂದ್ನಾ ಅಣ್ಣ?"

ಹೌದೆಂದು ತಲೆಯಾಡಿಸಿದೆ. ಅವಳು ಎದ್ದು ಸೂಟ್‌ಕೇಸ್ ತೆರೆದಳು. ಬಟ್ಟೆಗಳನ್ನು ಮತ್ತೆ ಬೀರುವಿನಲ್ಲಿ ಜೋಡಿಸತೊಡಗಿದಳು. ನಾನು ಒಂದೊಂದೇ ಎತ್ತಿಕೊಟ್ಟೆ.

ಸಂಜೆ ಏರ್‌ಪೋರ್ಟಿಗೆ ಹೋಗುವಾಗ ಕಾರಿನಲ್ಲಿ ತಮ್ಮನನ್ನು ಬಾಯಿಗೆ ಬಂದಂತೆ ಬೈದೆ. "ಆಯ್ತು ಬಿಡಕ್ಕ, ನೀನು ಬಂದಿದ್ದು ಒಳ್ಳೇದಾಯ್ತು" ಎಂದ.

ಮನೆ ಮುಟ್ಟಿದಾಗ ಇವರು ಬಾಗಿಲು ತೆಗೆದು "ಇದ್ದಾಳಾ?" ಎಂದರು.

"ಇದ್ದಾಳೆ" ಎಂದೆ.

ಹೇಗಿದ್ದಾಳೆ ಎಂದು ಒಡಹುಟ್ಟಿದ ಅಣ್ಣ ಕೇಳಲಿಲ್ಲ. ಕೆನ್ನೆ ಊದಿತ್ತು ಎಂದು ನಾನೂ ಹೇಳಲಿಲ್ಲ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಅನ್ನ ಬಡಿಸಿಕೊಂಡು, ಮಗಳ ಪಕ್ಕ ಕೂತು, ಹೊಟ್ಟೆ ತುಂಬ ಉಂಡೆ.